ಬಿಸಿ ತಡೆಯುವ ಕಿಣ್ವಗಳಲ್ಲಿ ಯಾವುದು? ಹುಲ್ಲು, ದಂಟಿನಿಂದ ಇಂಧನ ಮಾಡುವವರಿಗೆ ಒಂದು ಹೋಲಿಕೆ

ಹುಲ್ಲು, ದಂಟನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳ (ಎಂಜೈಮ್‌ಗಳ) ಪಟ್ಟಿ ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಹೋಗುವುದು ತಾಪಮಾನದ ಕಡೆಗೆ. ಒಂದು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕು, ಇನ್ನೊಂದು 70ರಲ್ಲಿ, ಮತ್ತೊಂದು 100ರಲ್ಲಿ. ಜಾಸ್ತಿ ಬಿಸಿ ತಡೆಯುವುದೇ ಒಳ್ಳೆಯದು ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಆದರೆ ಆ ಅಂಕಿ ಬಂದಿರುವುದು ಹೆಚ್ಚಾಗಿ ಹತ್ತು ನಿಮಿಷವೋ ಅರ್ಧ ಗಂಟೆಯೋ ನಡೆಸಿದ ಪರೀಕ್ಷೆಯಿಂದ. ಟ್ಯಾಂಕಿನಲ್ಲಿ ಕಿಣ್ವ ದುಡಿಯಬೇಕಾದದ್ದು ಎರಡು ಮೂರು ದಿನ.

ಒಂದು ಸಣ್ಣ ಲೆಕ್ಕ ನೋಡಿ. 70 ಡಿಗ್ರಿಯಲ್ಲಿ ತುಂಬಾ ಚುರುಕಾಗಿರುವ ಒಂದು ಕಿಣ್ವದ ಅರ್ಧಾಯು, ಅಂದರೆ ಅದರ ಶಕ್ತಿ ಅರ್ಧಕ್ಕಿಳಿಯಲು ಬೇಕಾದ ಸಮಯ, 4 ಗಂಟೆ ಅಂತಿಟ್ಟುಕೊಳ್ಳಿ. 48 ಗಂಟೆ ಕಳೆಯುವಾಗ ಅದು 12 ಸಲ ಅರ್ಧವಾಗಿರುತ್ತದೆ. ಉಳಿಯುವುದು ಮೊದಲಿನ 4096ರಲ್ಲಿ ಒಂದು ಭಾಗ. ಇನ್ನೊಂದು ಕಿಣ್ವ ಅಷ್ಟು ಚುರುಕಲ್ಲ, ಆದರೆ ಅರ್ಧಾಯು 48 ಗಂಟೆ. ಎರಡು ದಿನದ ನಂತರವೂ ಅದರ ಅರ್ಧ ಬಲ ಉಳಿದಿರುತ್ತದೆ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಹಾಗಾಗಿ ಇಲ್ಲಿನ ಹೋಲಿಕೆಯಲ್ಲಿ ಡಿಗ್ರಿಯೊಂದೇ ಅಳತೆ ಅಲ್ಲ. ಆ ಬಿಸಿಯಲ್ಲಿ ಕಿಣ್ವ ಎಷ್ಟು ಹೊತ್ತು ನಿಲ್ಲುತ್ತದೆ, ಅದನ್ನು ಯಾರು ಎಷ್ಟು ಸುಲಭವಾಗಿ ತಯಾರಿಸಿ ಕೊಡುತ್ತಾರೆ, ಅದರ ನಂತರದ ಟ್ಯಾಂಕಿನಲ್ಲಿ ಆ ಸಕ್ಕರೆಯನ್ನು ಹುದುಗಿಸಿ ಎಥನಾಲ್ ಮಾಡಲು ಯಾವ ಜೀವಿ ಕಾದಿದೆ, ಇವೂ ಅಷ್ಟೇ ಮುಖ್ಯ. ನನ್ನ ಲೆಕ್ಕದಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡದು.

ಬಿಸಿ ಬೇಕಾದರೂ ಯಾಕೆ?

ಹುಲ್ಲು, ದಂಟು, ಮರದ ಚೂರು ಯಾವುದೇ ಇರಲಿ, ಅದರಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಗ್ಲುಕೋಸ್ ಸರಪಳಿಯಾದ ಸೆಲ್ಯುಲೋಸ್, ಬೇರೆ ಬೇರೆ ಸಕ್ಕರೆಗಳು ಬೆರೆತ ಹೆಮಿಸೆಲ್ಯುಲೋಸ್, ಇವೆರಡನ್ನೂ ಗಟ್ಟಿಯಾಗಿ ಹಿಡಿದಿರುವ ಲಿಗ್ನಿನ್. ಕಿಣ್ವ ಹಾಕುವ ಮೊದಲು ಇದನ್ನು ಸಡಿಲ ಮಾಡಬೇಕು, ಇದೇ ಮುನ್-ಸಂಸ್ಕರಣೆ. ಅದಕ್ಕೆ ತೆಳು ಆಮ್ಲ, ಒತ್ತಡದ ಹಬೆ, ಅಮೋನಿಯ ಇಂಥ ದಾರಿಗಳಿವೆ. ಆಮ್ಲ ಮತ್ತು ಹಬೆಯ ವಿಧಾನಗಳು ಸಾಮಾನ್ಯವಾಗಿ 160ರಿಂದ 200 ಡಿಗ್ರಿಯ ಸುತ್ತ ನಡೆಯುತ್ತವೆ. ಅಲ್ಲಿಂದ ಹೊರಬರುವ ಸ್ಲರಿ, ಅಂದರೆ ನೀರು ಬೆರೆತ ಮಂದ ರಾಡಿ, ಬಿಸಿಯಾಗಿಯೇ ಇರುತ್ತದೆ. ಅದನ್ನು 50ಕ್ಕೆ ಇಳಿಸುವುದಕ್ಕಿಂತ 70ಕ್ಕೆ ಇಳಿಸುವುದು ಸುಲಭ.

ಬಿಸಿ ಹೆಚ್ಚಾದರೆ ಸ್ಲರಿ ತೆಳುವಾಗುತ್ತದೆ, ಕಲಕಲು ಕಡಿಮೆ ಶಕ್ತಿ ಸಾಕು. ಘನಾಂಶ ನೂರಕ್ಕೆ 15, 20 ಇರುವ ಸ್ಲರಿ ಕಲಕಿದವರಿಗೆ ಇದರ ಬೆಲೆ ಗೊತ್ತು. ಕಿಣ್ವ ಹಾಳಾಗದೆ ಇರುವವರೆಗೆ, ಪ್ರತಿ 10 ಡಿಗ್ರಿ ಏರಿಕೆಗೆ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಒಂದು ಅಂದಾಜು ಸೂತ್ರ. ಇನ್ನು ಟ್ಯಾಂಕಿಗೆ ನುಗ್ಗಿ ಸಕ್ಕರೆ ತಿಂದುಹಾಕುವ ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು 65 ಡಿಗ್ರಿಯಲ್ಲಿ ಬೆಳೆಯುವುದಿಲ್ಲ. ಬಿಸಿ ತಡೆಯುವ ಕಿಣ್ವಗಳು ಮಾಮೂಲಿ ತಾಪಮಾನದಲ್ಲಿ ಇಟ್ಟರೂ ಬೇಗ ಕೆಡುವುದಿಲ್ಲ. ಇದನ್ನು ಯಾರೂ ಜಾಹೀರಾತು ಮಾಡುವುದಿಲ್ಲ, ಆದರೆ ದಾಸ್ತಾನು ಇಡುವವರಿಗೆ ದೊಡ್ಡ ಉಪಕಾರ.

ಈ ದಾರಿ ಹೊಸದೇನೂ ಅಲ್ಲ. ಮೆಕ್ಕೆಜೋಳದ ಪಿಷ್ಟದಿಂದ ಎಥನಾಲ್ ಮಾಡುವವರು ದಶಕಗಳಿಂದ ಆಲ್ಫಾ-ಅಮೈಲೇಸ್ ಎಂಬ, ಪಿಷ್ಟ ಒಡೆಯುವ, ಬಿಸಿ ತಡೆಯುವ ಕಿಣ್ವ ಬಳಸುತ್ತಿದ್ದಾರೆ. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದ ಅಮೈಲೇಸ್ 105 ಡಿಗ್ರಿಯ ಹಬೆಯನ್ನು ಕೆಲವು ನಿಮಿಷ ತಡೆದುಕೊಂಡು, ಆಮೇಲೆ 90-95ರಲ್ಲಿ ಕೆಲಸ ಮುಂದುವರಿಸುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಅಮೈಲೇಸನ್ನು ಕಾಳಿನಲ್ಲೇ ತಯಾರಿಸುವ ಎನೋಜೆನ್ ಎಂಬ ಕುಲಾಂತರಿ ಮೆಕ್ಕೆಜೋಳಕ್ಕೆ ಅಮೆರಿಕದಲ್ಲಿ 2011ರಲ್ಲೇ ಅನುಮತಿ ಸಿಕ್ಕಿತು. ಹಾಗಿದ್ದರೆ ದಂಟಿನ ವಿಷಯದಲ್ಲಿ ಇಷ್ಟು ತಡ ಯಾಕೆ? ಪಿಷ್ಟ ಕರಗುವ ಸಾಮಾನು. ಸೆಲ್ಯುಲೋಸ್ ಹಾಗಲ್ಲ, ಅದನ್ನು ಒಂದೇ ಕಿಣ್ವದಿಂದ ಒಡೆಯುವುದು ಕಷ್ಟ.

ತಂಡದಲ್ಲಿ ಅತಿ ದುರ್ಬಲ ಯಾರು?

ಸೆಲ್ಯುಲೋಸ್ ಒಡೆಯಲು ಕನಿಷ್ಠ ಮೂರು ಬಗೆಯ ಕಿಣ್ವಗಳು ಬೇಕು. ಎಂಡೋಗ್ಲುಕನೇಸ್ ಸರಪಳಿಯನ್ನು ನಡುವೆ ಕತ್ತರಿಸುತ್ತದೆ. ಸೆಲ್ಲೋಬಯೋಹೈಡ್ರೊಲೇಸ್ ತುದಿಯಿಂದ ಎರಡೆರಡು ಗ್ಲುಕೋಸ್ ಕೂಡಿದ ತುಂಡುಗಳನ್ನು ಕಿತ್ತುಕೊಡುತ್ತದೆ. ಆ ತುಂಡನ್ನು, ಅಂದರೆ ಸೆಲ್ಲೋಬಯೋಸನ್ನು, ಬೀಟಾ-ಗ್ಲುಕೋಸಿಡೇಸ್ ಎರಡು ಗ್ಲುಕೋಸ್ ಮಾಡುತ್ತದೆ. ಜೊತೆಗೆ ಹೆಮಿಸೆಲ್ಯುಲೋಸ್‌ಗೆ ಜೈಲನೇಸ್ ಬೇಕು. ಹೆಮಿಸೆಲ್ಯುಲೋಸ್‌ನ ಮುಖ್ಯ ಸರಪಳಿಯಾದ ಜೈಲನ್‌ನ ಅರೆಬರೆ ತುಂಡುಗಳು ಸೆಲ್ಯುಲೇಸ್‌ಗಳ, ಅಂದರೆ ಸೆಲ್ಯುಲೋಸ್ ಒಡೆಯುವ ಕಿಣ್ವಗಳ, ಕೆಲಸಕ್ಕೆ ಜೋರಾಗಿಯೇ ಅಡ್ಡಿ ಮಾಡುತ್ತವೆ, ಆದ್ದರಿಂದ ಇದು ಬರೀ ಹೆಚ್ಚುವರಿ ಸಕ್ಕರೆಯ ಆಸೆಯಿಂದ ಹಾಕುವುದಲ್ಲ.

ಜೋಡೆತ್ತಿನಲ್ಲಿ ಒಂದು ಕುಂಟಿದರೆ ಬಂಡಿ ಅದರ ವೇಗದಲ್ಲೇ ಹೋಗಬೇಕು. ಇಲ್ಲೂ ಅಷ್ಟೇ. ಉಳಿದೆಲ್ಲವೂ 75 ಡಿಗ್ರಿ ತಡೆದು, ಬೀಟಾ-ಗ್ಲುಕೋಸಿಡೇಸ್ ಮಾತ್ರ 60ರಲ್ಲೇ ಮಲಗಿತು ಅನ್ನಿ. ಸೆಲ್ಲೋಬಯೋಸ್ ಟ್ಯಾಂಕಿನಲ್ಲಿ ತುಂಬಿಕೊಂಡು ಸೆಲ್ಲೋಬಯೋಹೈಡ್ರೊಲೇಸನ್ನೇ ಕಟ್ಟಿಹಾಕುತ್ತದೆ. ಆಗ 75 ಡಿಗ್ರಿ ತಡೆಯುವ ಕಿಣ್ವಕ್ಕೆ ಕೊಟ್ಟ ಹಣ ಸುಮ್ನೆ ದಂಡ.

2010ರಿಂದೀಚೆಗೆ ಇನ್ನೊಂದು ಸದಸ್ಯ ಈ ತಂಡಕ್ಕೆ ಸೇರಿದೆ. ಎಲ್‌ಪಿಎಂಒ ಅಂತ ಕರೆಯುವ, ತಾಮ್ರ ಹಿಡಿದ ಕಿಣ್ವ. ಇದು ಸೆಲ್ಯುಲೋಸ್‌ನ ಗಟ್ಟಿ ಹರಳಿನ ಮೇಲ್ಮೈಯನ್ನೇ ಆಕ್ಸಿಡೀಕರಣದಿಂದ ಸೀಳುತ್ತದೆ, ಉಳಿದ ಕಿಣ್ವಗಳಿಗೆ ದಾರಿ ಮಾಡಿಕೊಡುತ್ತದೆ. ಈಗಿನ ಒಳ್ಳೆಯ ಮಿಶ್ರಣಗಳ ಗುಟ್ಟಿನಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಆದರೆ ಇದಕ್ಕೆ ಆಕ್ಸಿಜನ್ ಅಥವಾ ಹೈಡ್ರೊಜನ್ ಪೆರಾಕ್ಸೈಡ್ ಬೇಕು. ಬಿಸಿ ಏರಿದಂತೆ ನೀರಿನಲ್ಲಿ ಕರಗುವ ಆಕ್ಸಿಜನ್ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಇದ್ದದ್ದು 50ಕ್ಕೆ ಬರುವಷ್ಟರಲ್ಲಿ 5.5ರ ಹತ್ತಿರ ಬಂದಿರುತ್ತದೆ. ಅದರಾಚೆ ಇನ್ನೂ ಕಡಿಮೆ. ಪೆರಾಕ್ಸೈಡ್ ಹೆಚ್ಚಾಗಿ ಸುರಿದರೆ ಅದು ಈ ಕಿಣ್ವವನ್ನೇ ಸುಟ್ಟುಹಾಕುತ್ತದೆ. ಬಿಸಿ ಟ್ಯಾಂಕಿನ ಬಗ್ಗೆ ಮಾತಾಡುವವರು ಈ ತೊಡಕನ್ನು ಬೇಗ ದಾಟಿಹೋಗುತ್ತಾರೆ. ನೀವು ನಿಂತು ಕೇಳಿ.

ಮೊದಲ ಆಯ್ಕೆ: ಹಳೆಯ ಬಂಟ, 50 ಡಿಗ್ರಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಡೇರೆ, ಬಟ್ಟೆಗಳು ಬೂಷ್ಟು ಹಿಡಿದು ಕೊಳೆಯುತ್ತಿದ್ದವು. ಅಲ್ಲಿಂದ ಪ್ರತ್ಯೇಕಿಸಿದ ಶಿಲೀಂಧ್ರವೇ ಟ್ರೈಕೋಡರ್ಮಾ ರೀಸೈ. ಅದರ ಮೇಲೆ ಕೆಲಸ ಮಾಡಿದ ಎಲ್ವಿನ್ ರೀಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಇವತ್ತಿಗೂ ಕೈಗಾರಿಕಾ ಸೆಲ್ಯುಲೇಸ್‌ನ ಮುಖ್ಯ ಮೂಲ ಇದೇ. ಸುಧಾರಿಸಿದ ತಳಿಗಳು ಲೀಟರಿಗೆ 100 ಗ್ರಾಂ ತನಕ ಪ್ರೋಟೀನ್ ಹೊರಹಾಕುತ್ತವೆ. ಈ ಅಂಕಿಯ ಹತ್ತಿರ ಬರುವ ಪ್ರತಿಸ್ಪರ್ಧಿಗಳು ತೀರಾ ಕಡಿಮೆ.

ಇದರ ಮಿಶ್ರಣ 50 ಡಿಗ್ರಿ, ಪಿಎಚ್ 5ರ ಸುತ್ತ ಚೆನ್ನಾಗಿ ನಡೆಯುತ್ತದೆ. 60 ದಾಟಿದರೆ ಬೇಗ ಸೋಲುತ್ತದೆ. ನಿಜ ಹೇಳಬೇಕೆಂದರೆ, ಹೋಲಿಕೆ ಶುರುಮಾಡುವಾಗ ಇದನ್ನೇ ಗೆರೆಯಾಗಿ ಇಟ್ಟುಕೊಳ್ಳಬೇಕು. ಬಿಸಿ ತಡೆಯುವ ಕಿಣ್ವ ಇದಕ್ಕಿಂತ ಎಷ್ಟು ವೇಗ ಅನ್ನುವುದು ಸಾಲದು, ಅದೇ ಖರ್ಚಿನಲ್ಲಿ ಎಷ್ಟು ಸಕ್ಕರೆ ಅನ್ನುವುದು ಬೇಕು.

ಎರಡನೆಯದು: ಬಿಸಿಯಲ್ಲಿ ಬೆಳೆಯುವ ಶಿಲೀಂಧ್ರಗಳು, 60-65 ಡಿಗ್ರಿ

ಮೈಸೀಲಿಯೋಫ್ಥೋರಾ ಥರ್ಮೋಫಿಲಾ, ಥರ್ಮೋಆಸ್ಕಸ್ ಔರಾಂಟಿಯಾಕಸ್, ಟಲರೋಮೈಸಿಸ್ ಎಮರ್ಸೋನಿಯೈ. ಹೆಸರು ಬಾಯಿಗೆ ಸುಲಭವಾಗಿ ಬರುವುದಿಲ್ಲ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತವೆ. ಇವು 45-50 ಡಿಗ್ರಿಯಲ್ಲಿ ಬೆಳೆಯುವ ಶಿಲೀಂಧ್ರಗಳು. ಕೊಳೆಯುತ್ತಾ ತಾನೇ ಬಿಸಿಯಾಗುವ ಗೊಬ್ಬರದ ರಾಶಿಯಂಥ ಜಾಗ ಇವಕ್ಕೆ ಇಷ್ಟ. ಇವುಗಳ ಕಿಣ್ವಗಳು 60-65ರಲ್ಲಿ ದಿನಗಟ್ಟಲೆ ನಿಲ್ಲಬಲ್ಲವು.

ನನಗೆ ಈ ಗುಂಪಿನ ಮೇಲೆ ಒಲವು ಜಾಸ್ತಿ. ಕಾರಣ ಸರಳ: ತಂಡ ಪೂರ್ತಿಯಾಗಿ ಒಂದೇ ಕಡೆ ಸಿಗುತ್ತದೆ. ಎಂಡೋಗ್ಲುಕನೇಸ್, ಸೆಲ್ಲೋಬಯೋಹೈಡ್ರೊಲೇಸ್, ಬೀಟಾ-ಗ್ಲುಕೋಸಿಡೇಸ್, ಜೈಲನೇಸ್ ಎಲ್ಲವೂ ಇವೆ. ಎಲ್‌ಪಿಎಂಒಗಳಂತೂ ಧಾರಾಳ. ಥರ್ಮೋಆಸ್ಕಸ್‌ನ ಎಲ್‌ಪಿಎಂಒ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಅಧ್ಯಯನವಾದವುಗಳಲ್ಲಿ ಒಂದು. ಇವೂ ಶಿಲೀಂಧ್ರಗಳೇ ಆದ್ದರಿಂದ ಇವುಗಳ ಜೀನ್‌ಗಳನ್ನು ಟ್ರೈಕೋಡರ್ಮಾದಲ್ಲೇ ಇಟ್ಟು ಬೆಳೆಸುವುದೂ ತಕ್ಕಮಟ್ಟಿಗೆ ಸಲೀಸು. 50ರಿಂದ 62ಕ್ಕೆ ಏರುವುದು ಕೇಳಲು ಸಣ್ಣ ವಿಷಯ. ಆದರೆ ಸೋಂಕಿನ ಕಾಟ ತಗ್ಗುವುದು, ಸ್ಲರಿ ತೆಳುವಾಗುವುದು, ವೇಗ ಹೆಚ್ಚುವುದು, ಈ ಲಾಭಗಳಲ್ಲಿ ದೊಡ್ಡ ಪಾಲು ಇಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಮೂರನೆಯದು: ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾಗಳು, 75-85 ಡಿಗ್ರಿ

ಇಲ್ಲಿ ಕಥೆ ಸ್ವಾರಸ್ಯವಾಗುತ್ತದೆ. ರಷ್ಯಾದ ಕಮ್ಚಾಟ್ಕಾದ ಬಿಸಿನೀರ ಬುಗ್ಗೆಯಲ್ಲಿ ಸಿಕ್ಕ ಕ್ಯಾಲ್ಡಿಸೆಲ್ಯುಲೋಸಿರಪ್ಟರ್ ಬೆಸ್ಕಿಯೈ ಎಂಬ ಬ್ಯಾಕ್ಟೀರಿಯಾ 75 ಡಿಗ್ರಿ ದಾಟಿದ ಬಿಸಿಯಲ್ಲಿ ಆರಾಮಾಗಿ ಬೆಳೆಯುತ್ತದೆ. ಅದರ ಮುಖ್ಯ ಕಿಣ್ವದ ಹೆಸರು ಸೆಲ್-ಎ. ಎರಡು ಬೇರೆ ಬೇರೆ ಕತ್ತರಿಸುವ ಭಾಗಗಳು, ನಡುವೆ ಸೆಲ್ಯುಲೋಸ್‌ಗೆ ಅಂಟಿಕೊಳ್ಳುವ ಮೂರು ಭಾಗಗಳು, ಎಲ್ಲವೂ ಒಂದೇ ಉದ್ದನೆಯ ಪ್ರೋಟೀನ್‌ನಲ್ಲಿ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ತಂಡ ಇದು ಕೆಲಸ ಮಾಡುವ ಬಗೆಯನ್ನು ತೋರಿಸಿತು. ಶಿಲೀಂಧ್ರದ ಕಿಣ್ವ ಮೇಲ್ಮೈಯನ್ನು ಸವೆಸುತ್ತಾ ಹೋದರೆ, ಸೆಲ್-ಎ ಸೆಲ್ಯುಲೋಸ್‌ನೊಳಗೆ ಗುಳಿ ಕೊರೆಯುತ್ತದೆ. 85 ಡಿಗ್ರಿಯ ಸುತ್ತ ಶುದ್ಧ ಸೆಲ್ಯುಲೋಸ್ ಮೇಲೆ ಇದರ ಆಟ, ತಮಗೆ ಹಿತವಾದ ತಾಪಮಾನದಲ್ಲಿ ಆಡುವ ಶಿಲೀಂಧ್ರದ ಕಿಣ್ವಗಳನ್ನೂ ಹಿಂದಿಕ್ಕಿತು.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಬಳಸುತ್ತಿಲ್ಲ? ತಯಾರಿಕೆಯಲ್ಲಿ ಸಿಕ್ಕಿಬೀಳುತ್ತದೆ. ಆ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಕಡೆ ಬೆಳೆಯುವಂಥದ್ದು, ಹೊರಹಾಕುವ ಪ್ರೋಟೀನ್ ತೀರಾ ಕಡಿಮೆ. ಇಷ್ಟು ಉದ್ದದ, ಹಲವು ಭಾಗಗಳ ಪ್ರೋಟೀನನ್ನು ಪ್ರಯೋಗಾಲಯದ ಮಾಮೂಲಿ ಬ್ಯಾಕ್ಟೀರಿಯಾ ಇ. ಕೋಲೈಯಲ್ಲಿ ಮಾಡಿಸಲು ಹೋದರೆ ನಡುವೆ ತುಂಡಾಗುವುದು, ಸರಿಯಾಗಿ ಮಡಚಿಕೊಳ್ಳದಿರುವುದು ಮಾಮೂಲು.

ಸಣ್ಣ, ಒಂಟಿ ಕಿಣ್ವಗಳ ವಿಷಯ ಬೇರೆ. ಅಮೆರಿಕದ ಯೆಲ್ಲೋಸ್ಟೋನ್‌ನ ಬುಗ್ಗೆಯಿಂದ ಬಂದ ಆಸಿಡೋಥರ್ಮಸ್ ಸೆಲ್ಯುಲೊಲಿಟಿಕಸ್‌ನ ಇ-1 ಎಂಡೋಗ್ಲುಕನೇಸ್ 80 ಡಿಗ್ರಿಯ ಸುತ್ತ ಚುರುಕು. ಅದನ್ನು ಗಿಡಗಳೊಳಗೇ ತಯಾರಿಸಿಯೂ ನೋಡಿದ್ದಾರೆ. ಮಾಮೂಲಿ ಹವೆಯಲ್ಲಿ ಅದು ಬಹುಪಾಲು ಸುಮ್ಮನಿರುವುದರಿಂದ ಗಿಡ ತನ್ನ ಗೋಡೆಯನ್ನೇ ತಾನು ತಿಂದುಕೊಳ್ಳುವ ಭಯ ಕಡಿಮೆ. ಇಂಥವನ್ನು ಇ. ಕೋಲೈಯಲ್ಲಿ ಮಾಡಿದರೆ ಒಂದು ಬೋನಸ್ ಇದೆ: ಒಡೆದ ಕೋಶಗಳ ರಸವನ್ನು 70 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ ಇಟ್ಟರೆ ಇ. ಕೋಲೈನ ಸ್ವಂತ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ಗಡ್ಡೆಕಟ್ಟಿ ತಳ ಸೇರುತ್ತವೆ. ನಮ್ಮ ಕಿಣ್ವ ಮೇಲೆ ಉಳಿಯುತ್ತದೆ. ದುಬಾರಿ ಶುದ್ಧೀಕರಣದ ಅರ್ಧ ಕೆಲಸ ಬರೀ ಬಿಸಿನೀರಿನಲ್ಲೇ ಮುಗಿದಂತೆ, ಅಲ್ವಾ?

ನಾಲ್ಕನೆಯದು: 90 ದಾಟಿದವರು

ಇಟಲಿಯ ವಲ್ಕಾನೊ ದ್ವೀಪದ ಬಿಸಿ ಸಮುದ್ರತಳದಲ್ಲಿ ಸಿಕ್ಕ ಪೈರೋಕಾಕಸ್ ಫ್ಯೂರಿಯೋಸಸ್ 100 ಡಿಗ್ರಿಯಲ್ಲಿ ಬೆಳೆಯುವ ಆರ್ಕಿಯಾ, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಸೂಕ್ಷ್ಮಜೀವಿ. ಅದರ ಬೀಟಾ-ಗ್ಲುಕೋಸಿಡೇಸ್‌ನ ಅರ್ಧಾಯು 100 ಡಿಗ್ರಿಯಲ್ಲಿ 85 ಗಂಟೆ. ನೆವಾಡದ ಬಿಸಿನೀರ ಬುಗ್ಗೆಯ ಆರ್ಕಿಯಾಗಳಿಂದ 2011ರಲ್ಲಿ ವರದಿಯಾದ ಒಂದು ಸೆಲ್ಯುಲೇಸ್ 109 ಡಿಗ್ರಿಯಲ್ಲಿ ಅತಿ ಚುರುಕು. ಓದಲು ಮಜಾ. ಟ್ಯಾಂಕಿಗೆ ಹಾಕಲು ಮಾತ್ರ ನಾನು ಹಿಂದೆಮುಂದೆ ನೋಡುತ್ತೇನೆ. 90-100ರಲ್ಲಿ ದಿನಗಟ್ಟಲೆ ನಿಲ್ಲಿಸಲು ಶಕ್ತಿ ಬೇಕು, ಸಕ್ಕರೆಯೂ ಕಂದುಗಟ್ಟಿ ನಷ್ಟವಾಗುತ್ತದೆ. ಪೂರ್ತಿ ತಂಡ ಈ ಬಿಸಿಯಲ್ಲಿ ಸಿಗುವುದೂ ಕಷ್ಟ. ಬಲವಾದ ಬೀಟಾ-ಗ್ಲುಕೋಸಿಡೇಸ್ ಒಂದನ್ನು ಇಲ್ಲಿಂದ ಎರವಲು ತಂದು 70-75ರ ಮಿಶ್ರಣಕ್ಕೆ ಸೇರಿಸುವುದು ಒಳ್ಳೆಯ ಉಪಾಯ. ಅಲ್ಲಿಗೆ ಸಾಕು.

ಕಿಣ್ವ ಕೊಳ್ಳುವುದೇ ಬೇಡ ಅನ್ನುವವರಿಗೆ

ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂ 60 ಡಿಗ್ರಿಯಲ್ಲಿ ಬೆಳೆಯುತ್ತಾ ತಾನೇ ಸೆಲ್ಯುಲೋಸ್ ಒಡೆದು, ತಾನೇ ಎಥನಾಲ್ ಮಾಡುವ ಬ್ಯಾಕ್ಟೀರಿಯಾ. ಅದರ ಕಿಣ್ವಗಳು ಬಿಡಿಯಾಗಿ ತೇಲುವುದಿಲ್ಲ. ಒಂದು ಚೌಕಟ್ಟಿನ ಪ್ರೋಟೀನಿಗೆ ಸಾಲಾಗಿ ಸಿಕ್ಕಿಸಿಕೊಂಡು ಗುಂಪಾಗಿ ಕೆಲಸ ಮಾಡುತ್ತವೆ. ಈ ಗುಂಪಿಗೆ ಸೆಲ್ಯುಲೋಸೋಮ್ ಅಂತ 1983ರಲ್ಲಿ ಹೆಸರು ಬಿತ್ತು. ಜೋಡಣೆ ನಿಲ್ಲಲು ಕ್ಯಾಲ್ಸಿಯಂ ಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಹಿಡಿದುಬಿಡುವ ರಾಸಾಯನಿಕ ಇದ್ದರೆ ಗುಂಪು ಚದುರುತ್ತದೆ.

ಆಲೋಚನೆ ಆಕರ್ಷಕ. ಕಿಣ್ವದ ಬಿಲ್ ಇಲ್ಲ, ಒಂದೇ ಟ್ಯಾಂಕ್. ತೊಂದರೆಗಳು ಮೂರು ಕಡೆ ಇವೆ. ಜೀನ್ ತಿದ್ದದ ಕಾಡು ತಳಿ ಎಥನಾಲ್ ಜೊತೆ ಅಸಿಟೇಟ್, ಲ್ಯಾಕ್ಟೇಟ್ ಕೂಡ ಮಾಡುತ್ತದೆ. ಜೈಲನ್ ಒಡೆದಾಗ ಸಿಗುವ ಜೈಲೋಸ್ ಸಕ್ಕರೆಯನ್ನು ಮುಟ್ಟುವುದಿಲ್ಲ, ಅದಕ್ಕೆ ಥರ್ಮೋಅನೇರೋಬ್ಯಾಕ್ಟೀರಿಯಂ ಸ್ಯಾಕರೋಲಿಟಿಕಂನಂಥ ಜೊತೆಗಾರ ಬೇಕು. ಎಥನಾಲ್ ಪ್ರಮಾಣ ಏರಿದಂತೆ ತಾನೇ ಸುಸ್ತಾಗುತ್ತದೆ. ಲೀಟರಿಗೆ 40 ಗ್ರಾಂ ಎಥನಾಲ್ ಇಲ್ಲದಿದ್ದರೆ ಬಟ್ಟಿ ಇಳಿಸುವ ಖರ್ಚು ಗಿಟ್ಟುವುದಿಲ್ಲ ಅನ್ನುವುದು ಈ ಉದ್ಯಮದ ಸಾಮಾನ್ಯ ಅಳತೆ. ಜೀನ್ ತಿದ್ದಿದ ತಳಿಗಳು ಹತ್ತಿರ ಬಂದಿವೆ, ಆದರೆ ಯೀಸ್ಟ್ ಸಲೀಸಾಗಿ ದಾಟುವ ಗೆರೆ ಇದು. ಮೇಲೆ ಹೇಳಿದ ಕ್ಯಾಲ್ಡಿಸೆಲ್ಯುಲೋಸಿರಪ್ಟರ್‌ನ ಜೀನ್ ತಿದ್ದಿ, ಯಾವ ಮುನ್-ಸಂಸ್ಕರಣೆಯೂ ಇಲ್ಲದ ಸ್ವಿಚ್‌ಗ್ರಾಸ್ ಹುಲ್ಲಿನಿಂದ ನೇರವಾಗಿ ಎಥನಾಲ್ ಮಾಡಿದ್ದನ್ನು 2014ರಲ್ಲಿ ಪ್ರಕಟಿಸಿದ್ದಾರೆ. ಸಂಶೋಧನೆಗೆ ಇದು ನನ್ನ ಮೆಚ್ಚಿನ ದಾರಿ. ಮುಂದಿನ ವರ್ಷ ಘಟಕ ಶುರುಮಾಡಬೇಕಾದವರಿಗೆ ಅಲ್ಲ.

ಮುಂದಿನ ಟ್ಯಾಂಕ್ ಏನು ಕೇಳುತ್ತದೆ?

ಬೇಕರಿ ಯೀಸ್ಟ್‌ನ ಜಾತಿಗೆ 30-35 ಡಿಗ್ರಿ ಹಿತ. ಕ್ಲುಯ್ವರೋಮೈಸಿಸ್ ಮಾರ್ಕ್ಸಿಯಾನಸ್ ಎಂಬ ಯೀಸ್ಟ್ 45ರವರೆಗೂ ನಡೆಯುತ್ತದೆ. ನೀವು ಸಕ್ಕರೆ ಮಾಡುವುದು, ಹುದುಗಿಸುವುದು ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಒಟ್ಟಿಗೆ ಮಾಡುವವರಾದರೆ 80 ಡಿಗ್ರಿಯ ಕಿಣ್ವ ತಂದು ಪ್ರಯೋಜನವಿಲ್ಲ. 37ರಲ್ಲಿ ಅದು ಬಹಳ ನಿಧಾನ. ಬಿಸಿ ತಡೆಯುವ ಕಿಣ್ವದ ರಚನೆ ಬಿಗಿ. ಆ ಬಿಗಿಯೇ ಅದನ್ನು ಬಿಸಿಯಲ್ಲಿ ಕಾಯುತ್ತದೆ, ತಣ್ಣಗಿದ್ದಾಗ ಅದೇ ಕಾಲಿಗೆ ತೊಡಕು. ಒಟ್ಟಿಗೆ ಮಾಡುವವರಿಗೆ ಟ್ರೈಕೋಡರ್ಮಾ ಮಿಶ್ರಣವೇ ಸರಿ.

ನಡುವಿನ ದಾರಿಯೊಂದಿದೆ. ಬಿಸಿ ತಡೆಯುವ ಎಂಡೋಗ್ಲುಕನೇಸ್ ಮತ್ತು ಜೈಲನೇಸ್ ಹಾಕಿ 70 ಡಿಗ್ರಿಯಲ್ಲಿ ಕೆಲವು ಗಂಟೆ ನಡೆಸುವುದು. ಗಟ್ಟಿ ಸ್ಲರಿ ಹರಿಯುವ ದ್ರವವಾಗುತ್ತದೆ. ಆಮೇಲೆ ತಣಿಸಿ, ಉಳಿದ ಕಿಣ್ವ ಮತ್ತು ಯೀಸ್ಟ್ ಸೇರಿಸಿ ಕೆಲಸ ಮುಗಿಸುವುದು. ಇಲ್ಲಿ ಕಿಣ್ವ ಮೂರು ದಿನ ಬದುಕಬೇಕಿಲ್ಲ, ಸಣ್ಣ ಅರ್ಧಾಯುವೂ ನಡೆಯುತ್ತದೆ. ಹೆಚ್ಚು ಘನಾಂಶದಲ್ಲಿ ಕೆಲಸ ಮಾಡುವವರಿಗೆ ನನ್ನ ಮೊದಲ ಸಲಹೆ ಇದು. ಜೈಲನೇಸ್ ಆರಿಸುವಾಗ ಜಿಎಚ್10, ಜಿಎಚ್11 ಎಂಬ ಎರಡು ಕುಟುಂಬಗಳು ಎದುರಾಗುತ್ತವೆ. ಜಿಎಚ್11 ಸಣ್ಣದು, ಸಂದಿಗಳಲ್ಲಿ ಸಲೀಸಾಗಿ ನುಗ್ಗುತ್ತದೆ, ಆದರೆ ಜೈಲನ್ ಸರಪಳಿಗೆ ಪಕ್ಕದ ಕೊಂಬೆಗಳಿದ್ದರೆ ಅಲ್ಲೇ ನಿಂತುಬಿಡುತ್ತದೆ. ಜಿಎಚ್10 ದೊಡ್ಡದು, ಕೊಂಬೆಗಳಿದ್ದರೂ ಕತ್ತರಿಸುತ್ತದೆ, ತುಂಡುಗಳೂ ಇನ್ನಷ್ಟು ಚಿಕ್ಕವು. ಹುಲ್ಲಿನ ಜಾತಿಯಲ್ಲಿ ಕೊಂಬೆಗಳು ಜಾಸ್ತಿ.

ಮುನ್-ಸಂಸ್ಕರಣೆಗೆ ಅಯಾನಿಕ್ ದ್ರವ, ಅಂದರೆ ದ್ರವರೂಪದಲ್ಲೇ ಇರುವ ಲವಣ, ಬಳಸುವವರಿಗೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಉಳಿದುಕೊಂಡ ಆ ದ್ರವ ಟ್ರೈಕೋಡರ್ಮಾ ಕಿಣ್ವಗಳನ್ನು ಕೊಲ್ಲುತ್ತದೆ. ಬಿಸಿ ತಡೆಯುವವು ಇದನ್ನೂ ತಡೆಯುವ ಸಾಧ್ಯತೆ ಹೆಚ್ಚು. ಅಮೆರಿಕದ ಜಾಯಿಂಟ್ ಬಯೋಎನರ್ಜಿ ಇನ್‌ಸ್ಟಿಟ್ಯೂಟ್‌ನ ಜೆ-ಥರ್ಮ್ ಮಿಶ್ರಣ 70 ಡಿಗ್ರಿಯಲ್ಲಿ, ಶೇ. 20ರಷ್ಟು ಅಯಾನಿಕ್ ದ್ರವ ಇದ್ದರೂ ಕೆಲಸ ಮಾಡಿದೆ.

ಪರೀಕ್ಷೆ ಮಾಡುವಾಗ

ಸೆಲ್ಯುಲೇಸ್ ಬಲವನ್ನು ಅಳೆಯುವ ರೂಢಿಯ ಮಾನ ಫಿಲ್ಟರ್ ಪೇಪರ್ ಯೂನಿಟ್. 1987ರಲ್ಲಿ ಪ್ರಕಟವಾದ ಆ ವಿಧಾನದಲ್ಲಿ 50 ಮಿಲಿಗ್ರಾಂ ಫಿಲ್ಟರ್ ಕಾಗದದ ಪಟ್ಟಿಯನ್ನು 50 ಡಿಗ್ರಿಯಲ್ಲಿ ಒಂದು ಗಂಟೆ ಕಿಣ್ವದ ಜೊತೆ ಇಡುತ್ತಾರೆ. 75 ಡಿಗ್ರಿಯ ಕಿಣ್ವವನ್ನು 50ರಲ್ಲಿ ಅಳೆದರೆ ಅದು ಬಡವಾಗಿ ಕಾಣದೆ ಇನ್ನೇನು? ಯೂನಿಟ್ ಲೆಕ್ಕದಲ್ಲಿ ಸಮ ಮಾಡಿ ಹೋಲಿಸಬೇಡಿ. ಒಂದು ಗ್ರಾಂ ಸೆಲ್ಯುಲೋಸ್‌ಗೆ ಇಷ್ಟು ಮಿಲಿಗ್ರಾಂ ಪ್ರೋಟೀನ್ ಅಂತ ಹೋಲಿಸಿ. 10ರಿಂದ 20 ಮಿಲಿಗ್ರಾಂ ಸಾಮಾನ್ಯ ವ್ಯಾಪ್ತಿ.

ಫಿಲ್ಟರ್ ಕಾಗದದಲ್ಲಿ ಲಿಗ್ನಿನ್ ಇಲ್ಲ. ನಿಮ್ಮ ಸ್ಲರಿಯಲ್ಲಿ ಇದೆ. ಕಿಣ್ವಗಳು ಲಿಗ್ನಿನ್‌ಗೆ ಅಂಟಿಕೊಂಡು ವ್ಯರ್ಥವಾಗುವುದು ಬಿಸಿಯಲ್ಲಿ ಹೆಚ್ಚಬಹುದು. ಹಾಗಾಗಿ ನಿಮ್ಮದೇ ಸ್ಲರಿ, ನಿಮ್ಮದೇ ಘನಾಂಶ, ಪ್ರತಿ ಕಿಣ್ವಕ್ಕೂ ಅದರದೇ ತಾಪಮಾನ. 6, 24, 48, 72 ಗಂಟೆಗೆ ಮಾದರಿ ತೆಗೆಯಿರಿ. ಗ್ಲುಕೋಸ್ ಜೊತೆಗೆ ಸೆಲ್ಲೋಬಯೋಸನ್ನೂ ಅಳೆಯಿರಿ. ಅದು ಏರುತ್ತಿದ್ದರೆ ತಂಡದಲ್ಲಿ ಮೊದಲು ಸತ್ತದ್ದು ಬೀಟಾ-ಗ್ಲುಕೋಸಿಡೇಸ್. ಎರಡೂ 24 ಗಂಟೆಗೇ ನಿಂತುಹೋದರೆ ಅಲ್ಲೇ ಸ್ವಲ್ಪ ಹೊಸ ಕಿಣ್ವ ಸೇರಿಸಿ ನೋಡಿ. ಸಕ್ಕರೆ ಮತ್ತೆ ಏರಿತೋ, ಹಳೆಯದು ಬಿಸಿಗೆ ಸತ್ತಿದೆ ಅಥವಾ ಲಿಗ್ನಿನ್‌ಗೆ ಅಂಟಿ ಕೂತಿದೆ. ಏರಲಿಲ್ಲವೋ, ಕಿಣ್ವದ ಪಟ್ಟಿ ಪಕ್ಕಕ್ಕಿಟ್ಟು ಮುನ್-ಸಂಸ್ಕರಣೆಯನ್ನು ತಿದ್ದಿ.